ಮಲೆನಾಡಿನಲ್ಲಿ ರೈಲುಗಾಡಿಯ ಮನೆ: ಆಯ್ಕೆಯನ್ನು ಕುರಿತ ಒಂದು ವಿಮರ್ಶೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳಲ್ಲಿ ಇಂದು ರೈಲು ಓಡುವ ಮಾರ್ಗವಿಲ್ಲ. ಆದರೂ ಹಳೆಯ ರೈಲುಗಾಡಿಯೊಂದನ್ನು ಕೊಂಡುತಂದು ತೋಟದ ಮಗ್ಗುಲಲ್ಲಿ ನಿಲ್ಲಿಸಿ ಅದನ್ನೇ ವಾಸದ ಮನೆಯನ್ನಾಗಿ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆ ಈ ಪ್ರದೇಶದಿಂದಲೇ ನನಗೆ ಬಂದಿತು. ಕೇಳಿದವರು ಕೊಪ್ಪದ ಸಮೀಪದಲ್ಲಿ ಅಡಕೆತೋಟ ಮಾಡಿಕೊಂಡಿರುವ ನನ್ನ ಸೋದರಮಾವನವರು. ಹಳೆಯ ಮನೆಯ ಪಕ್ಕದಲ್ಲಿ ಮಗ ಸೊಸೆಯರಿಗೆ ಒಂದು ಪ್ರತ್ಯೇಕ ವಾಸಸ್ಥಾನ ಬೇಕಾಗಿತ್ತು. ಬೇಸಿಗೆಯಲ್ಲಿ ಬರುವ ಪ್ರವಾಸಿಗಳಿಗೂ ಅದು ಒದಗಬಹುದೆಂಬ ಆಲೋಚನೆ ಇತ್ತು. “ನೀನು ಇತಿಹಾಸ ಓದಿದವನು. ಯಾವ ಗಾಡಿ ತರಬೇಕು ಅನ್ನೋದನ್ನ ನೀನೇ ಹೇಳು” ಎಂದರು.

ಇದು ಎಂಜಿನಿಯರರಿಗೆ ಕೇಳಬೇಕಾದ ಪ್ರಶ್ನೆಯೆಂದು ಮೊದಲು ನಾನು ನುಣುಚಿಕೊಂಡೆನು. ಆದರೆ ವಿಚಾರಮಾಡಿದಂತೆಲ್ಲ, ಹಳೆಯ ವಸ್ತುವೊಂದನ್ನು ಆರಿಸಿ ಅದರ ಉಪಯೋಗವನ್ನು ಬದಲಾಯಿಸುವ ಕಾರ್ಯದಲ್ಲಿ ಚರಿತ್ರೆಯ ವಿದ್ಯಾರ್ಥಿಗೂ ಹೇಳಬೇಕಾದುದು ಇದೆಯೆಂದು ತೋರಿತು. ಗಾಡಿಯ ದೇಹ, ನೆಲದ ಹವೆ, ಗಾಡಿ ಹೊತ್ತಿರುವ ಸಾಕ್ಷ್ಯ, ಈ ಮೂರನ್ನೂ ಒಟ್ಟಿಗೆ ತೂಗಿನೋಡದೆ ಮಾಡಿದ ಆಯ್ಕೆ ಮನೆಯನ್ನೂ ಕೆಡಿಸುತ್ತದೆ, ಚರಿತ್ರೆಯನ್ನೂ ಕೆಡಿಸುತ್ತದೆ. ಪ್ರಕೃತ ಲೇಖನದ ಉದ್ದೇಶ ಇಷ್ಟನ್ನು ವಿಶದಪಡಿಸುವುದು.

1

ಮೊದಲು ಈ ಪ್ರದೇಶಕ್ಕೂ ರೈಲಿಗೂ ಇದ್ದ ಸಂಬಂಧವನ್ನು ನೋಡೋಣ. ಶೃಂಗೇರಿಗೂ ಕೊಪ್ಪಕ್ಕೂ ರೈಲು ಎಂದೂ ಬರಲಿಲ್ಲ. ಜಿಲ್ಲೆಯ ಮುಖ್ಯಪಟ್ಟಣವಾದ ಚಿಕ್ಕಮಗಳೂರಿಗೇ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ. ನರಸಿಂಹರಾಜಪುರದ ಕಥೆ ಬೇರೆ. ಹಿಂದೆ ಎಡೇಹಳ್ಳಿ ಎಂದಿದ್ದ ಈ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದ ಕಾಲದಲ್ಲಿಯೇ, ಎಂದರೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ತರೀಕೆರೆಯಿಂದ ಇಲ್ಲಿಯವರೆಗೆ ಮೈಸೂರು ಸಂಸ್ಥಾನವು ಒಂದು ಲಘು ರೈಲುಮಾರ್ಗವನ್ನು ಹಾಕಿಸಿತು. ಅದರ ಉದ್ದ ಸುಮಾರು 27 ಮೈಲಿ. ಹಳಿಗಳ ನಡುವಣ ಅಂತರ ಕೇವಲ 2 ಅಡಿ. ಆ ಮಾರ್ಗ ಎಂದೋ ಅಳಿದುಹೋಗಿದೆ.

ಎರಡು ಅಡಿ ಎಂಬ ಈ ಅಳತೆಯನ್ನು ವಾಚಕರು ನೆನಪಿನಲ್ಲಿಡಬೇಕು. ಇಂದು ನಾವು ಕಾಣುವ ಬ್ರಾಡ್ ಗೇಜಿನ ಅಂತರ 1676 ಮಿಲಿಮೀಟರು. ಅದಕ್ಕೆ ಮೊದಲು ಮೈಸೂರು ಸೀಮೆಯಲ್ಲೆಲ್ಲ ಹರಡಿದ್ದ ಮೀಟರ್ ಗೇಜಿನ ಅಂತರ 1000 ಮಿಲಿಮೀಟರು. ನರಸಿಂಹರಾಜಪುರದ ಹಳಿಯದು 610 ಮಿಲಿಮೀಟರು. ಇಂದಿನ ಗಾಡಿಯನ್ನು ಆ ಹಳಿಯ ಮೇಲೆ ನಿಲ್ಲಿಸುವುದೇ ಅಸಾಧ್ಯವಾಗಿತ್ತು. ಆದುದರಿಂದ ಇಂದಿನ ಬ್ರಾಡ್ ಗೇಜ್ ಬೋಗಿಯೊಂದನ್ನು ನರಸಿಂಹರಾಜಪುರದಲ್ಲಿ ತಂದಿರಿಸಿ “ಇದು ನಮ್ಮೂರಿಗೆ ಬರುತ್ತಿದ್ದ ರೈಲು” ಎಂದು ಫಲಕ ಹಾಕಿದರೆ ಅದು ಅಲಂಕಾರವಾಗುವುದಿಲ್ಲ, ಸುಳ್ಳಾಗುತ್ತದೆ. ನೋಡುವ ಮಕ್ಕಳು ಅದನ್ನೇ ನಂಬುತ್ತಾರೆ. ಹಾಗೆಯೇ ಆ ಹಳೆಯ ಲಘುಮಾರ್ಗಕ್ಕೆ ಸೇರಿದ ಹಳಿಯ ತುಂಡಾಗಲಿ ಗಾಲಿಯಾಗಲಿ ಯಾರದಾದರೂ ಹಿತ್ತಿಲಲ್ಲಿ ಕಂಡುಬಂದರೆ ಅದನ್ನು ಜಗಲಿಯ ಕಂಬವನ್ನಾಗಿ ಮಾಡುವುದಕ್ಕೆ ಮುಂಚೆ ಅಳೆದು, ಚಿತ್ರ ತೆಗೆದು, ಸಿಕ್ಕಿದ ಸ್ಥಳವನ್ನು ಬರೆದಿಡುವುದು ಕರ್ತವ್ಯ.

2

ರೈಲುಗಾಡಿಯಲ್ಲಿ ವಾಸಮಾಡುವುದು ಹೊಸ ಕಲ್ಪನೆಯೇನೂ ಅಲ್ಲ. ನಮ್ಮಲ್ಲಿ ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿದೆ. 1979ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯದ ಶ್ರೀರಂಗ ಮಂಟಪದಲ್ಲಿ 1899ರ ಕಾಲದ ಮಹಾರಾಣಿಯವರ ಸಲೂನ್ ಗಾಡಿಯನ್ನು ಇರಿಸಿದ್ದಾರೆ. ಅಡಿಗೆಮನೆ, ಊಟದ ಭಾಗ, ಶೌಚಗೃಹ ಎಲ್ಲವೂ ಉಳ್ಳ ಗಾಲಿಯ ಮೇಲಣ ಅರಮನೆ ಅದು. 1899 ಎಂದರೆ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದು, ತಾಯಿಯವರಾದ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಕಾಲ. ಹಳೆಯ ರೈಲುಗಾಡಿಯ ಮನೆಯೆಂದೊಡನೆ ನಮ್ಮ ಮನಸ್ಸು ಕಲ್ಪಿಸಿಕೊಳ್ಳುವುದು ಇಂತಹ ಗಾಡಿಯನ್ನೇ: ತೇಗದ ಮರ, ಹಿತ್ತಾಳೆಯ ಹಿಡಿ, ಬಣ್ಣದ ಗಾಜು.

ಆದರೆ ಆ ಸಂಗ್ರಹಾಲಯದಲ್ಲಿ ನೋಡುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಸಂಗತಿಯೊಂದಿದೆ. ಎಂಜಿನುಗಳೂ ಇತರ ಹಲವು ಗಾಡಿಗಳೂ ಬಯಲಿನಲ್ಲಿ ನಿಂತಿದ್ದರೆ ರಾಜವಂಶದ ಗಾಡಿಗಳು ಮಾತ್ರ ಮಾಡಿನ ಕೆಳಗಿವೆ. ಇದರಿಂದ ಎರಡು ವಿಚಾರಗಳು ಸಿದ್ಧವಾಗುತ್ತವೆ. ಮರದ ಗಾಡಿ ನಿಂತಲ್ಲಿಯೇ ನಿಲ್ಲಬೇಕಾದರೆ ಅದಕ್ಕೆ ಬೇರೊಂದು ಮಾಡು ಬೇಕು. ಮಲೆನಾಡಿನೊಡನೆ ಹೋಲಿಸಿದರೆ ಮಳೆ ಬಹಳ ಕಡಮೆಯಾದ ಮೈಸೂರಿನಲ್ಲಿಯೇ ಬೇಕು. ಎರಡನೆಯದಾಗಿ, ಯಾವುದನ್ನು ಮಾಡಿನ ಕೆಳಗಿರಿಸಬೇಕೆಂಬ ಆಯ್ಕೆಯಲ್ಲಿ ನಾವು ಅರಸರ ಗಾಡಿಗೆ ತೋರಿಸುವ ಆದರವನ್ನು ಜನಸಾಮಾನ್ಯರ ಗಾಡಿಗೆ ತೋರಿಸುವುದಿಲ್ಲ. 1974ರಲ್ಲಿ ಮೂರನೆಯ ದರ್ಜೆ ರದ್ದಾಗುವ ತನಕ ಈ ನಾಡಿನ ಬಹುಪಾಲು ಜನ ಪ್ರಯಾಣ ಮಾಡಿದ್ದು ಆ ದರ್ಜೆಯ ಮರದ ಬೆಂಚುಗಳ ಮೇಲೆ. ಅವರ ಚರಿತ್ರೆಗೆ ಆ ಬೆಂಚೇ ದಾಖಲೆ.

ಗಾಡಿಯಲ್ಲಿ ನಿಜವಾಗಿ ಬಾಳಿದವರು ಯಾರೆಂಬುದೂ ವಿಚಾರಾರ್ಹ. ಹಳಿ, ಸೇತುವೆಗಳ ಕೆಲಸಕ್ಕೆ ಊರಿಂದೂರಿಗೆ ಹೋಗುವ ರೈಲ್ವೆ ನೌಕರರು ತಂಗುವುದಕ್ಕೆ, ಪ್ರಯಾಣಿಕರ ಸೇವೆಯಿಂದ ನಿವೃತ್ತವಾದ ಬೋಗಿಗಳನ್ನು ಕ್ಯಾಂಪ್ ಕೋಚುಗಳನ್ನಾಗಿ ಮಾರ್ಪಡಿಸಿ, ನಿಲ್ದಾಣದ ಮೂಲೆಯ ಬದಿಹಳಿಯ ಮೇಲೆ ನಿಲ್ಲಿಸುವುದು ರೂಢಿ. ಮಹಾರಾಣಿಯವರಿಗೆ ಸಲೂನು ಕೆಲವು ದಿನಗಳ ಪ್ರಯಾಣದ ಬಿಡಾರ. ಈ ನೌಕರರಿಗೆ ಬೋಗಿಯೇ ಮನೆ. ಬೋಗಿಯಲ್ಲಿ ವಾಸ ಹೇಗಿರುತ್ತದೆ ಎಂಬುದನ್ನು ತಿಳಿಯಬೇಕಾದವರು ಶ್ರೀರಂಗ ಮಂಟಪಕ್ಕೆ ಹೋಗುವುದಕ್ಕಿಂತ ಬದಿಹಳಿಯ ಆ ಬೋಗಿಯಲ್ಲಿರುವವರನ್ನು ಕೇಳುವುದು ಒಳ್ಳೆಯದು.

ಇನ್ನೂ ಸಮೀಪದ ಅನುಭವವೊಂದಿದೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕ ಹಬ್ಬಿದಾಗ ಭಾರತೀಯ ರೈಲ್ವೆಯು 5,000ಕ್ಕೂ ಮೀರಿದ ಬೋಗಿಗಳನ್ನು ರೋಗಿಗಳ ಪ್ರತ್ಯೇಕ ವಾಸಕ್ಕಾಗಿ ಸಿದ್ಧಗೊಳಿಸಿತು. ನಡುವಣ ಮಲಗುಹಲಗೆ ತೆಗೆದು, ಶೌಚಗೃಹವೊಂದನ್ನು ಸ್ನಾನಗೃಹವಾಗಿ ಮಾರ್ಪಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಿಸಿಲು. ನಿಂತ ಬೋಗಿಯ ಒಳಗಣ ತಾಪವನ್ನು ತಗ್ಗಿಸುವುದಕ್ಕೆ ಮಾಡಿನ ಮೇಲೆ ಹೊದಿಕೆ, ಚಾಪೆ, ಶಾಖವನ್ನು ಹಿಂದಕ್ಕೆ ಕಳುಹಿಸುವ ಬಣ್ಣ ಮುಂತಾದ ಉಪಾಯಗಳನ್ನು ಹುಡುಕಬೇಕಾಯಿತು. ಇದರ ಕಾರಣ ಸ್ಪಷ್ಟವಾಗಿಯೇ ಇದೆ. ಬೋಗಿಗೆ ಗಾಳಿ ಬರುವುದು ಅದು ಓಡುವುದರಿಂದ. ಓಟ ನಿಂತರೆ ಅದು ಕಬ್ಬಿಣದ ಪೆಟ್ಟಿಗೆ.

ಅದೇ 2020ರಲ್ಲಿ ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಖಾನೆಯವರು ಸೇವೆಯಿಂದ ತೆಗೆದುಹಾಕಿದ್ದ ಬೋಗಿಗಳನ್ನು ಅಲ್ಲಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ತರಗತಿಯ ಕೊಠಡಿಗಳನ್ನಾಗಿ ಸಿದ್ಧಪಡಿಸಿಕೊಟ್ಟರು. ಇದು ಸರಿಯಾದ ಆಯ್ಕೆಯೆಂದು ನನ್ನ ಅಭಿಪ್ರಾಯ. ಬೋಗಿ ಅಪೂರ್ವವಾದುದಲ್ಲ, ದೂರ ಸಾಗಿಸಬೇಕಾಗಿರಲಿಲ್ಲ, ತುಕ್ಕನ್ನೂ ಬೆಸುಗೆಯನ್ನೂ ಬಲ್ಲ ಕೈಗಳು ಪಕ್ಕದಲ್ಲಿಯೇ ಇದ್ದುವು. ಈ ಮೂರು ಅನುಕೂಲಗಳಲ್ಲಿ ಕೊಪ್ಪದವರಿಗೆ ದೊರೆಯಬಹುದಾದುದು ಮೊದಲನೆಯದು ಮಾತ್ರ ಎಂಬುದನ್ನು ಮರೆಯಬಾರದು.

3

ಇನ್ನು ದೊರೆಯಬಹುದಾದ ಗಾಡಿಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮರದ ದೇಹದ ಹಳೆಯ ಗಾಡಿ. ಇದರಲ್ಲಿ ಭಾರವನ್ನು ಹೊರುವುದು ಕೆಳಗಿನ ಉಕ್ಕಿನ ಚೌಕಟ್ಟು. ಮೇಲಿನ ಮರದ ದೇಹ ಅದರ ಮೇಲೆ ಕುಳಿತ ಪೆಟ್ಟಿಗೆ. ಮನೆಯ ದೃಷ್ಟಿಯಿಂದ ಇದು ಅನುಕೂಲವೇ. ಒಳಗಣ ಅಡ್ಡಗೋಡೆ ತೆಗೆದರೆ ಗಾಡಿ ಬಾಗುವುದಿಲ್ಲ. ಆದರೆ ಇಂತಹವು ಉಳಿದಿರುವುದು ಅತ್ಯಲ್ಪ. ಮೈಸೂರು ಸಂಸ್ಥಾನದ ರೈಲ್ವೆಯು 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅದಕ್ಕೆ ಹಿಂದಿನ ಗಾಡಿಯೊಂದು ಯಾರಿಗಾದರೂ ಸಿಕ್ಕಿದರೆ ಅದು ಕಟ್ಟಡದ ಸಾಮಗ್ರಿಯಲ್ಲ, ದಾಖಲೆ. ಶಾಸನದ ಕಲ್ಲನ್ನು ಬಟ್ಟೆ ಒಗೆಯುವುದಕ್ಕೆ ಹಾಕಿಕೊಂಡ ಊರುಗಳನ್ನು ನಾವು ಬಲ್ಲೆವು. ಆ ತಪ್ಪನ್ನು ತಿಳಿದೂ ಮಾಡಬಾರದು.

ಮೀಟರ್ ಗೇಜಿನ ಉಕ್ಕಿನ ಬೋಗಿ. ಇದರ ಅಗಲ ಸುಮಾರು 2.7 ಮೀಟರು. ತೋಟದ ದಾರಿಯಲ್ಲಿ ಸಾಗಿಸುವುದಕ್ಕೆ ಬ್ರಾಡ್ ಗೇಜಿನದಕ್ಕಿಂತ ಹಗುರ. ಆದರೆ 1992ರಲ್ಲಿ ಆರಂಭವಾದ ಏಕರೂಪ ಗೇಜಿನ ಯೋಜನೆಯ ತರುವಾಯ ನಮ್ಮ ಕಡೆಯ ಮೀಟರ್ ಗೇಜ್ ಮಾರ್ಗಗಳೆಲ್ಲ ಪರಿವರ್ತನೆ ಹೊಂದಿದುವು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಮೀಟರ್ ಗೇಜಿನ ಕೊನೆಗಾಲದಲ್ಲಿ ಬಸ್ಸಿನಂತಹ ಒಂದೇ ಗಾಡಿಯ ರೈಲ್‌ಬಸ್ಸು ಓಡುತ್ತಿದ್ದುದು ಮಲೆನಾಡಿನ ಅನೇಕರ ನೆನಪಿನಲ್ಲಿದೆ. ನಿನ್ನೆ ಮೊನ್ನೆ ಸಾಮಾನ್ಯವಾಗಿದ್ದುದು ಇಂದು ವಿರಳವಾಗಿದೆ. ವಿರಳವಾದುದನ್ನು ಕತ್ತರಿಸಬಾರದೆಂಬ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಪೆರಂಬೂರಿನ ಬ್ರಾಡ್ ಗೇಜ್ ಬೋಗಿ. 1955ರಲ್ಲಿ ಆರಂಭವಾದ ಇಂಟೆಗ್ರಲ್ ಕೋಚ್ ಕಾರ್ಖಾನೆಯು ಸ್ವಿಸ್ ಮಾದರಿಯನ್ನನುಸರಿಸಿ ನಿರ್ಮಿಸುತ್ತ ಬಂದ ಈ ಬೋಗಿಯ ಉತ್ಪಾದನೆ 2018ರ ಜನವರಿಯಲ್ಲಿ ಕೊನೆಗೊಂಡಿತು. ಹೊಸ ಮಾದರಿಯವು ಬಂದಂತೆ ಹಳೆಯವು ಸಾವಿರಗಟ್ಟಲೆ ನಿವೃತ್ತವಾಗುತ್ತಿವೆ. ಗುಜರಿಯಾಗಿ ಎಲೆಕ್ಟ್ರಾನಿಕ್ ಹರಾಜಿನಲ್ಲಿ ಮಾರಾಟವಾಗುತ್ತಿವೆ. ಇದೇ ಸಾಮಾನ್ಯವಾದ ಗಾಡಿ, ಆದುದರಿಂದ ಇದೇ ಆರಿಸಲು ಅರ್ಹವಾದ ಗಾಡಿ. ದೇಹದ ಉದ್ದ ಸುಮಾರು 21.3 ಮೀಟರು, ಅಗಲ 3.25 ಮೀಟರು, ಹೊರ ಅಳತೆಯಲ್ಲಿ ಸುಮಾರು 740 ಚದರಡಿ. ಒಂದು ಚಿಕ್ಕ ಸಂಸಾರಕ್ಕೆ ಸಾಲುವಷ್ಟು ಸ್ಥಳ. ಆದರೆ ಇದರ ಗುಣದೋಷಗಳನ್ನು ಅರಿತೇ ಮುಂದುವರಿಯಬೇಕು.

ಮೊದಲನೆಯದು, ಈ ಬೋಗಿಯಲ್ಲಿ ಚೌಕಟ್ಟು ಬೇರೆ ದೇಹ ಬೇರೆ ಅಲ್ಲ. ನೆಲ, ಗೋಡೆ, ಮಾಡು ಎಲ್ಲವೂ ಒಂದೇ ಕೊಳವೆಯಂತೆ ಬೆಸೆದುಕೊಂಡು ಭಾರವನ್ನು ಹೊರುತ್ತವೆ. ಕಾರ್ಖಾನೆಯ ಹೆಸರಿನ ಅರ್ಥವೂ ಇದೇ. ಆದುದರಿಂದ ಗೋಡೆಯಲ್ಲಿ ದೊಡ್ಡ ಬಾಗಿಲು ಕತ್ತರಿಸಿದರೆ ಕೊಳವೆಯ ಬಲವೇ ಕುಗ್ಗುತ್ತದೆ. ಇರುವ ಬಾಗಿಲು ಕಿಟಕಿಗಳಲ್ಲಿಯೇ ಮನೆಯನ್ನು ಹೊಂದಿಸಿಕೊಳ್ಳುವುದು ವಿವೇಕ. ಕತ್ತರಿಸಲೇಬೇಕಾದರೆ ಸುತ್ತ ಉಕ್ಕಿನ ಚೌಕಟ್ಟು ಬೆಸೆದು ಕೆಳಗೆ ಆಧಾರ ಕೊಡಬೇಕು.

ಎರಡನೆಯದು ತುಕ್ಕು. ಕೊಳ್ಳುವವರು ಬಣ್ಣವನ್ನು ನೋಡುತ್ತಾರೆ. ನೋಡಬೇಕಾದುದು ಶೌಚಗೃಹದ ಕೆಳಭಾಗ, ಬಾಗಿಲಿನ ಬುಡ, ನೆಲದ ಅಲೆತಗಡು, ಉದ್ದಕ್ಕೂ ಹರಿಯುವ ಕೆಳಗಣ ತೊಲೆ, ಗೋಡೆ ಒಳಕ್ಕೆ ಬಾಗುವ ಅಂಚು. ನೀರು ನಿಲ್ಲುವುದು ಇಲ್ಲಿಯೇ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಕೊಡುವ ನಾದವನ್ನು ತುಕ್ಕು ತಿಂದ ತಗಡು ಕೊಡಲಾರದು. ಎರಡು ಬೋಗಿಗಳಲ್ಲಿ ಒಂದರ ಸೀಟು ಹರಿದು ನೆಲ ಗಟ್ಟಿಯಾಗಿದ್ದು ಇನ್ನೊಂದರ ಒಳಗೆಲ್ಲ ಅಂದವಾಗಿ ಕೆಳಗೆ ತೂತಾಗಿದ್ದರೆ, ಆರಿಸಬೇಕಾದುದು ಮೊದಲನೆಯದನ್ನು.

ಮೂರನೆಯದು, ಹಳೆಯ ಬೋಗಿಗಳಲ್ಲಿ ಶಾಖ ತಡೆಯುವುದಕ್ಕೆ ಕಲ್ನಾರನ್ನು ಬಳಸಿರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಪರೀಕ್ಷೆ ಮಾಡಿಸದೆ ಒಳಹಲಗೆಯನ್ನು ಕೀಳುವುದಾಗಲಿ ಕೊರೆಯುವುದಾಗಲಿ ಕೂಡದು. ಇದು ಅಲಕ್ಷ್ಯ ಮಾಡಬಹುದಾದ ಸಣ್ಣ ಮಾತಲ್ಲ. ಕೆಲಸ ಮಾಡುವವರ ಪ್ರಾಣದ ಮಾತು.

ನಾಲ್ಕನೆಯದು ಸಾಗಣೆ. ಇಪ್ಪತ್ತೊಂದು ಮೀಟರು ಉದ್ದದ, ಲಾರಿಯ ಅಗಲವನ್ನು ಮೀರಿದ ವಸ್ತುವನ್ನು ರಸ್ತೆಯಲ್ಲಿ ತರುವುದಕ್ಕೆ ವಿಶೇಷ ಅನುಮತಿ ಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಕೊಪ್ಪಕ್ಕೆ ಬರುವ ದಾರಿಯ ತಿರುವುಗಳನ್ನೂ, ಅನಂತರ ತೋಟದ ಒಳದಾರಿಯ ಮೋರಿ, ದರೆ, ತೂಗುವ ತಂತಿಗಳನ್ನೂ ಅಳೆದ ಮೇಲೆಯೇ ಹರಾಜಿಗೆ ಹೋಗಬೇಕು. ಗಾಡಿಯನ್ನು ಕೊಂಡ ಮೇಲೆ ದಾರಿಯನ್ನು ಅಳೆಯುವುದು, ಹೆಣ್ಣು ಒಪ್ಪಿಯಾದ ಮೇಲೆ ಕುಲ ಗೋತ್ರ ಕೇಳಿದಂತೆ.

4

ಈ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮಳೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿದ ಮಳೆ ಬೀಳುತ್ತದೆ. ಕೊಪ್ಪ, ಶೃಂಗೇರಿಗಳಲ್ಲಿ ಅಷ್ಟಿಲ್ಲದಿದ್ದರೂ, ತಿಂಗಳುಗಟ್ಟಲೆ ಬಿಸಿಲು ಕಾಣದ ಆಷಾಢ ಶ್ರಾವಣಗಳು ಇಲ್ಲಿಯೂ ಅದೇ ಜಾತಿಯವು. ಬೋಗಿಯ ಮಾಡು ಕಮಾನಿನಂತಿದ್ದು ಗೋಡೆಯ ನೇರಕ್ಕೆ ಮುಗಿಯುತ್ತದೆ. ಸೂರು ಎಂಬುದೇ ಇಲ್ಲ. ನೀರು ಕಿಟಕಿಯ ಮೇಲೆಯೇ ಇಳಿಯುತ್ತದೆ. ಮಲೆನಾಡಿನ ಮನೆಯ ರಚನೆ ಇದಕ್ಕೆ ನೇರ ವಿರುದ್ಧ. ಕಡಿದಾದ ಹೆಂಚಿನ ಮಾಡು, ಗೋಡೆಯಿಂದ ಬಹುದೂರ ಚಾಚಿದ ಸೂರು, ಎತ್ತರದ ಜಗಲಿ, ಸಾಲದುದಕ್ಕೆ ಮಳೆಗಾಲದಲ್ಲಿ ಗಾಳಿ ಬೀಸುವ ಕಡೆಗೆ ಅಡಕೆಯ ಸೋಗೆಯ ತಡಿಕೆ. ಗೋಡೆಗೆ ನೀರು ತಾಗಬಾರದೆಂಬುದೇ ಅದರ ಸಾರ.

ಇನ್ನೊಂದು ವಿಚಾರವೂ ಇದೆ. ಓಡುತ್ತಿದ್ದ ಕಾಲದಲ್ಲಿ ಎಕ್ಸ್‌ಪ್ರೆಸ್ ರೈಲಿನ ಬೋಗಿಯನ್ನು ಸುಮಾರು ಹದಿನೆಂಟು ತಿಂಗಳಿಗೊಮ್ಮೆ ಕಾರ್ಖಾನೆಗೆ ಒಯ್ದು, ತುಕ್ಕು ಹಿಡಿದುದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣ ಬಳಿದು ಕಳುಹಿಸುತ್ತಿದ್ದರು. ಗಾಡಿ ಇಷ್ಟು ವರ್ಷ ಬಾಳಿದ್ದು ಈ ಉಪಚಾರದಿಂದ, ಉಕ್ಕಿನ ಮಹಿಮೆಯಿಂದಲ್ಲ. ಮನೆಯಾದ ಮೇಲೆ ಆ ಕಾರ್ಖಾನೆಯ ಕರ್ತವ್ಯ ಯಜಮಾನನ ಮೇಲೆ ಬೀಳುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಅಭ್ಯಾಸವಿರುವ ಮನೆಯವರಿಗೆ ಇದು ಹೊಸದಲ್ಲ. ವರ್ಷಕ್ಕೊಮ್ಮೆ ಬಂದು ಬೀಗ ತೆಗೆಯುವವರಿಗೆ ಇದು ಆಗದ ಮಾತು.

5

ಇಲ್ಲಿಯವರೆಗಿನ ವಾದಕ್ಕೆ ಒಂದು ಬಲವಾದ ಪೂರ್ವಪಕ್ಷವುಂಟು. ಇಂಗ್ಲೆಂಡಿನ ಶೋರಂ, ಸೆಲ್ಸಿ ಮುಂತಾದ ಕಡಲತೀರದ ಸ್ಥಳಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನರು ರೈಲ್ವೆ ಕಂಪನಿಗಳು ತ್ಯಜಿಸಿದ ಮರದ ಗಾಡಿಗಳನ್ನು ಅಗ್ಗದ ಬೆಲೆಗೆ ಕೊಂಡು ಮನೆಮಾಡಿಕೊಂಡರು. ಎರಡು ಗಾಡಿಗಳನ್ನು ಎದುರುಬದುರಾಗಿ ಇರಿಸಿ, ನಡುವೆ ಹಜಾರವೊಂದನ್ನು ಬಿಟ್ಟು, ಎಲ್ಲಕ್ಕೂ ಸೇರಿ ಒಂದೇ ಮಾಡು ಹೊದಿಸುವುದು ಅಲ್ಲಿ ಪ್ರಚಾರದಲ್ಲಿದ್ದ ಕ್ರಮ. ಅಲ್ಲಿಯ ರೈಲ್ವೆ ಕಂಪನಿಯೊಂದು 1933ರಿಂದ ಹಳೆಯ ಗಾಡಿಗಳನ್ನು ರಜಾಕಾಲದ ಬಿಡಾರಗಳಾಗಿ ಬಾಡಿಗೆಗೂ ಕೊಟ್ಟಿತು. ಮುಂದೆ ಹಳೆಯ ರೈಲುಗಳನ್ನು ಉಳಿಸಿಕೊಳ್ಳಬೇಕೆಂಬ ಆಸಕ್ತಿ ಅಲ್ಲಿ ಮೂಡಿದಾಗ ಅನೇಕ ಪುರಾತನ ಗಾಡಿಗಳು ದೊರೆತದ್ದು ಇಂತಹ ಮನೆಗಳ ಹೊಟ್ಟೆಯಿಂದಲೇ. ಐಲ್ ಆಫ್ ವೈಟ್ ದ್ವೀಪದ ಸಂರಕ್ಷಿತ ರೈಲಿನಲ್ಲಿ ಹಾಗೆ ಬಂದ ಗಾಡಿಗಳು ಇಂದಿಗೂ ಓಡುತ್ತವೆ. ಹಾಗಾದರೆ ಮನೆಯಾಗಿಸುವುದು ನಾಶವೆಂದೇಕೆ ಹೇಳಬೇಕು, ಅದೇ ರಕ್ಷಣೆಯಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು.

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನನ್ನ ಮೊದಲಿನ ಅಭಿಪ್ರಾಯವನ್ನು ಇದು ತಿದ್ದಿತೆಂದು ಒಪ್ಪಿಕೊಳ್ಳುತ್ತೇನೆ. ಹಳೆಯ ಗಾಡಿಯನ್ನು ಮುಟ್ಟಲೇಬಾರದೆಂದು ಹೇಳಿದರೆ ಅದು ಗುಜರಿಯವನ ಪಾಲಾಗುತ್ತದೆ. ಆದರೆ ಆ ಗಾಡಿಗಳು ಉಳಿದದ್ದು ಹೇಗೆಂಬುದನ್ನು ಗಮನಿಸಬೇಕು. ಅವುಗಳ ಮೇಲೆ ಬೇರೊಂದು ಮಾಡು ಇತ್ತು. ಬಡವರಾದ ಯಜಮಾನರು ಗೋಡೆಗಳನ್ನು ಹೆಚ್ಚು ಕತ್ತರಿಸಿರಲಿಲ್ಲ. ಬೇಕಾದುದನ್ನು ಗಾಡಿಯ ಹೊರಗೆ ಕಟ್ಟಿಕೊಂಡಿದ್ದರು. ಆದುದರಿಂದ ಮತ್ತೆ ಗಾಡಿಯನ್ನಾಗಿ ಮಾಡುವುದು ಸಾಧ್ಯವಾಯಿತು. ಸಿದ್ಧಾಂತವನ್ನು ಹೀಗೆ ಹೇಳಬಹುದು: ಅಪೂರ್ವವಾದ ಗಾಡಿಯಲ್ಲಿ ವಾಸಮಾಡುವವನು ಹಿಂದಕ್ಕೆ ತೆಗೆಯಬಹುದಾದ ಮಾರ್ಪಾಟುಗಳನ್ನು ಮಾತ್ರ ಮಾಡಬೇಕು, ಹಿಂದಕ್ಕೆ ತೆಗೆಯಲಾಗದ ಮಾರ್ಪಾಟುಗಳನ್ನು ಮಾಡಬೇಕೆನ್ನುವವನು ಸಾಮಾನ್ಯವಾದ ಗಾಡಿಯನ್ನು ಆರಿಸಬೇಕು.

ಸೋದರಮಾವನವರಿಗೆ ನಾನು ಬರೆದ ಉತ್ತರ ಇಷ್ಟು. ಸಾಮಾನ್ಯ ದರ್ಜೆಯ ಪೆರಂಬೂರು ಬೋಗಿಯನ್ನೇ ಆರಿಸಿರಿ. ನೆಲವನ್ನು ತಟ್ಟಿ ನೋಡಿರಿ. ಕೊಳ್ಳುವ ಮೊದಲು ದಾರಿಯನ್ನು ಅಳೆಯಿರಿ. ಬೋಗಿಯನ್ನು ಕಲ್ಲಿನ ಕಟ್ಟೆಯ ಮೇಲೆ, ಕೆಳಗೆ ಮನುಷ್ಯ ಬಗ್ಗಿ ಹೋಗಿ ಬಣ್ಣ ಬಳಿಯುವಷ್ಟು ಎತ್ತರದಲ್ಲಿರಿಸಿರಿ. ಅದರ ಮೇಲೆ, ಅದನ್ನು ತಾಗದಂತೆ, ನಿಮ್ಮ ಮನೆಯಂತಹುದೇ ಹೆಂಚಿನ ಮಾಡನ್ನು ಎರಡು ಕಡೆಗೂ ಜಗಲಿಯಷ್ಟು ಚಾಚಿ ಕಟ್ಟಿಸಿರಿ. ಆ ಮಾಡಿಗೆ ಹಣ ಸಾಲದಿದ್ದರೆ ಬೋಗಿಯನ್ನು ತರಲೇಬೇಡಿರಿ. ಅಡಿಗೆಯೂ ಬಚ್ಚಲೂ ಬೋಗಿಯ ಹೊರಗೆ ಜಗಲಿಯ ತುದಿಯಲ್ಲಿರಲಿ. ಉಗಿ ಒಳಗೆ ಸೇರಿದರೆ ತುಕ್ಕು ಒಳಗಿನಿಂದಲೂ ತಿನ್ನುತ್ತದೆ. ಬೋಗಿಯ ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ಅಳಿಸಬೇಡಿರಿ. ಬಾಗಿಲ ಬಳಿ ಅದು ಎಲ್ಲಿ, ಯಾವ ವರ್ಷ ನಿರ್ಮಾಣವಾಯಿತೆಂದೂ, ಯಾವ ವರ್ಷ ಇಲ್ಲಿಗೆ ಬಂದಿತೆಂದೂ, ಕೊಪ್ಪಕ್ಕೆ ರೈಲು ಎಂದೂ ಬಂದಿರಲಿಲ್ಲವೆಂದೂ ಬರೆಯಿಸಿರಿ.

ಅವರು ಈ ಪತ್ರವನ್ನು ಓದಿ, ಮಾಡಿನ ಖರ್ಚಿನ ಲೆಕ್ಕ ಹಾಕಿ, “ಇಷ್ಟು ಮಾಡು ಕಟ್ಟಿದ ಮೇಲೆ ಕೆಳಗೆ ಗೋಡೆ ಕಟ್ಟೋದೇ ಸುಲಭ ಅಲ್ವೇನೋ?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಬಹುಮಂದಿಗೆ ಅವರ ಮಾತೇ ಸರಿ. ಗಾಡಿಯ ಮೇಲೆ ನಿಜವಾದ ಪ್ರೀತಿಯಿದ್ದು, ವರ್ಷವರ್ಷವೂ ಅದರ ಸೇವೆಗೆ ನಿಲ್ಲುವವರಿಗೆ ಮಾತ್ರ ಮೇಲಿನ ವಿವೇಚನೆ ಉಪಯುಕ್ತವಾದೀತು. ಆಯ್ಕೆ ಮಾಡುವ ಮುನ್ನ ಆಯ್ಕೆಯೇ ಬೇಕೇ ಎಂದು ಕೇಳಿಕೊಳ್ಳುವುದೂ ವಿಮರ್ಶೆಯ ಭಾಗವೆಂದು ಭಾವಿಸಿ, ಈ ಲೇಖನವನ್ನು ಇಲ್ಲಿಗೆ ಮುಗಿಸುತ್ತೇನೆ.